ಜಪಾನೀಯರ ಕುಂಡವೃಕ್ಷಗಳೂ ಅವುಗಳನ್ನು ಇಡುವ ಕ್ರಮವೂ

ಗಿಡವನ್ನು ಬೆಳೆಸುವುದು ಒಂದು ವಿದ್ಯೆ. ಬೆಳೆಸಿದ ಗಿಡವನ್ನು ಮನೆಗೆ ಬಂದವರ ಕಣ್ಣಿಗೆ ಒಪ್ಪುವಂತೆ ಇಡುವುದು ಮತ್ತೊಂದು ವಿದ್ಯೆ. ಮೊದಲನೆಯದನ್ನು ಎಲ್ಲ ದೇಶದವರೂ ಅಷ್ಟಿಷ್ಟು ಬಲ್ಲರು. ಎರಡನೆಯದನ್ನು ಗುರುಮುಖದಿಂದ ವರ್ಷಗಟ್ಟಲೆ ಕಲಿಯತಕ್ಕ ಶಾಸ್ತ್ರವನ್ನಾಗಿ ಮಾಡಿದವರು ಜಪಾನೀಯರು. ಬೊನ್ಸಾಯ್ ಎಂಬ ಅವರ ಕುಬ್ಜವೃಕ್ಷಗಳ ಚಿತ್ರಗಳನ್ನು ನಮ್ಮ ವಾಚಕ ಸೋದರಿಯರಲ್ಲಿ ಅನೇಕರು ನೋಡಿರಬಹುದು. ಆದರೆ ಅಂಥ ಚಿತ್ರದಲ್ಲಿ ಮರವು ನಟ್ಟನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿರುವುದೇಕೆ, ಅದರ ಬಳಿಯಲ್ಲಿ ಒಂದು ಹಿಡಿ ಹುಲ್ಲನ್ನು ಇಟ್ಟಿರುವುದೇಕೆ, ಹಿಂದಿನ ಗೋಡೆಯ ಬಹುಭಾಗವು ಬರಿದಾಗಿರುವುದೇಕೆ ಎಂದು ವಿಚಾರಿಸಿದವರು ಕೆಲವರೇ. ಈ ಮೂರು ಪ್ರಶ್ನೆಗಳನ್ನು ಹಿಡಿದು ನಾವು ಸ್ವಲ್ಪ ದೂರ ಹೋಗೋಣ.

"ಬೊನ್" ಎಂದರೆ ತಗ್ಗಾದ ಕುಂಡ. "ಸಾಯ್" ಎಂದರೆ ನೆಡುವಿಕೆ. ಈ ಎರಡನೆಯ ಮಾತು ಕನ್ನಡದ ಕಿವಿಗೆ ಅಶುಭವಾಗಿ ಕೇಳಿಸುವುದೇನೋ ನಿಜ. ಆದರೆ ಅದರ ಅರ್ಥವು ಕೇವಲ ವಿರುದ್ಧವಾದುದು. ಈ ಮರಗಳು ಯಾವುದೋ ಬೇರೆ ಕುಳ್ಳು ಜಾತಿಯವಲ್ಲ. ಬೆಟ್ಟದಲ್ಲಿ ಎಪ್ಪತ್ತು ಎಂಬತ್ತು ಅಡಿ ಬೆಳೆಯುವ ದೇವದಾರು ಬಳಗದ ಪೈನ್ ಮರವೇ ಇಲ್ಲಿ ಎರಡು ಅಡಿಯ ಮರವಾಗಿ ನಿಂತಿರುತ್ತದೆ. ಬೇರುಗಳನ್ನು ಕೆಲವು ವರ್ಷಗಳಿಗೊಮ್ಮೆ ಕತ್ತರಿಸಿ ಮಣ್ಣನ್ನು ಬದಲಾಯಿಸುವುದು, ಚಿಗುರನ್ನು ಚಿವುಟುವುದು, ಕೊಂಬೆಗಳಿಗೆ ತಂತಿ ಸುತ್ತಿ ಬೇಕಾದ ಕಡೆಗೆ ಬಾಗಿಸುವುದು, ಇವುಗಳಿಂದ ಮರವು ಚಿಕ್ಕದಾಗಿಯೇ ಮುಪ್ಪಾಗುತ್ತದೆ. ಅದನ್ನು ಉಪವಾಸ ಕೆಡವಿ ಕುಗ್ಗಿಸುತ್ತಾರೆಂದು ಕೆಲವರು ಹೇಳುವುದು ಸರಿಯಲ್ಲ. ನೀರೂ ಗೊಬ್ಬರವೂ ಬಿಸಿಲೂ ಸಾಲದೆ ಹೋದರೆ ಅಂಥ ಮರವು ನೂರು ವರ್ಷ ಬಾಳುವುದು ಹೇಗೆ? ಈ ಕಲೆಯು ಚೀನಾದೇಶದಿಂದ ಜಪಾನಿಗೆ ಬಂದಿತು. 1309ರಲ್ಲಿ ಬರೆಯಲಾದ ಕಾಸುಗಾ ದೇವಾಲಯದ ಸುರುಳಿ ಚಿತ್ರದಲ್ಲಿ ತಟ್ಟೆಯೊಳಗೆ ನೆಟ್ಟ ಚಿಕ್ಕ ಮರಗಳು ಕಾಣುತ್ತವೆಯಾದುದರಿಂದ, ಅಷ್ಟು ಹಿಂದೆಯೇ ಅಲ್ಲಿ ಇದರ ಬಳಕೆಯಿತ್ತೆಂದು ತಿಳಿಯುತ್ತದೆ.

ಇನ್ನು ಇಡುವ ಸ್ಥಳದ ವಿಷಯ. ಹಳೆಯ ಮಾದರಿಯ ಜಪಾನೀ ಮನೆಯ ಮುಖ್ಯ ಕೊಠಡಿಯಲ್ಲಿ ಒಂದು ಗೋಡೆಯು ಒಳಕ್ಕೆ ಸರಿದು ಗೂಡಿನಂತಾಗಿರುತ್ತದೆ. ಇದಕ್ಕೆ ತೊಕೊನೊಮಾ ಎಂದು ಹೆಸರು. ನಮ್ಮ ಮನೆಗಳಲ್ಲಿ ದೀಪವಿಡುವ ಗೋಡೆಗೂಡನ್ನು ನೆಲದವರೆಗೆ ಇಳಿಸಿ, ಒಬ್ಬರು ಮಲಗುವಷ್ಟು ಅಗಲ ಮಾಡಿ, ಅದರ ತಳವನ್ನು ಕೋಣೆಯ ನೆಲಕ್ಕಿಂತ ಕೆಲವು ಅಂಗುಲ ಎತ್ತರಿಸಿದರೆ ಹೇಗಿರುವುದೋ ಹಾಗೆಂದು ಭಾವಿಸಬಹುದು. ಆ ಕೊಠಡಿಯಲ್ಲಿ ಮೇಜು ಕುರ್ಚಿಗಳಿಲ್ಲ. ಗೋಡೆಗಳಿಗೆ ಪಟಗಳ ಸಾಲಿಲ್ಲ. ನೋಡತಕ್ಕ ವಸ್ತುವೆಲ್ಲ ಆ ಒಂದೇ ಸ್ಥಳದಲ್ಲಿ. ಇದರ ಮೂಲವನ್ನು ವಿಚಾರಿಸಿದರೆ, ಪೂರ್ವದಲ್ಲಿ ಬೌದ್ಧ ಚಿತ್ರಪಟವನ್ನು ತೂಗುಹಾಕಿ, ಅದರ ಮುಂದೆ ಒಂದು ಹಲಗೆಯ ಮೇಲೆ ಧೂಪಪಾತ್ರೆ, ದೀಪಸ್ತಂಭ, ಹೂದಾನಿ ಎಂಬ ಮೂರನ್ನು ಇಡುತ್ತಿದ್ದರು. 15ನೆಯ ಶತಮಾನದಲ್ಲಿ ಆಶಿಕಾಗಾ ವಂಶದ ಶೋಗುನ್ ಯೊಶಿಮಾಸನು (1436–1490) ರಾಜ್ಯಭಾರದಲ್ಲಿ ಸೋತವನಾದರೂ ಕಲೆಗಳಲ್ಲಿ ಬಹಳ ಅಭಿರುಚಿಯುಳ್ಳವನಾಗಿದ್ದನು. ಅವನ ಆಶ್ರಯದಲ್ಲಿದ್ದ ನೋಆಮಿ ಎಂಬವನೂ, ಅವನ ಮೊಮ್ಮಗನಾದ ಸೋಆಮಿಯೂ, ಚೀನಾದಿಂದ ಬಂದ ಚಿತ್ರಗಳನ್ನೂ ಪಾತ್ರೆಗಳನ್ನೂ ಯಾವ ಯಾವ ಸ್ಥಾನದಲ್ಲಿ ಹೇಗೆ ಹೇಗೆ ಇಡಬೇಕೆಂಬುದನ್ನು ಬರೆದಿಟ್ಟರು. ಅರಮನೆಯ ಆ ಕ್ರಮವು ಕಾಲಕ್ರಮದಲ್ಲಿ ಸಣ್ಣ ಮನೆಗಳಿಗೂ ಇಳಿದು, ಕುಂಡವೃಕ್ಷವನ್ನಿಡುವ ಪದ್ಧತಿಯೂ ಅದನ್ನೇ ಅನುಸರಿಸಿತು.

ವಿದ್ಯಾರ್ಥಿಯು ಮೊದಲು ಕಲಿಯತಕ್ಕದ್ದು ಮರವನ್ನು ನೋಡುವುದನ್ನು. ಪ್ರತಿಯೊಂದು ಮರಕ್ಕೂ ಮುಂಭಾಗ ಹಿಂಭಾಗಗಳುಂಟು. ಅದಲ್ಲದೆ ಒಂದು ಗತಿಯೂ ಉಂಟು. ಕಾಂಡವು ಬಲಕ್ಕೆ ಒಲೆದು ಉದ್ದವಾದ ಕೊಂಬೆಯನ್ನು ಬಲಕ್ಕೇ ಚಾಚಿದ್ದರೆ, ಆ ಮರವು ಬಲಕ್ಕೆ ನಡೆಯುತ್ತಿದೆಯೆಂದು ಹೇಳುವರು. ನಡೆಯುವವನ ಮುಂದೆ ದಾರಿ ಇರಬೇಕಷ್ಟೆ. ಆದಕಾರಣ ಅದನ್ನು ತೊಕೊನೊಮಾದ ಎಡಭಾಗದಲ್ಲಿಟ್ಟು ಬಲಗಡೆಯನ್ನು ತೆರೆದು ಬಿಡುತ್ತಾರೆ. ಬಲಕ್ಕೆ ವಾಲಿದ ಮರವನ್ನು ಬಲಗೋಡೆಗೇ ಒತ್ತಿ ಇಟ್ಟರೆ, ಗೋಡೆಗೆ ಮುಖವಿಟ್ಟು ನಿಂತ ಮಗುವಿನಂತೆ ಕಾಣುವುದು. ನಮ್ಮ ಮೊದಲನೆಯ ಪ್ರಶ್ನೆಗೆ ಇದೇ ಉತ್ತರ.

ಆಮೇಲೆ ಪೀಠ. ಮರವನ್ನು ಕುಂಡದೊಡನೆ ಬರಿ ನೆಲದ ಮೇಲೆ ಇಡಕೂಡದು. ಬಂಡೆಯ ಮೇಲೆ ಬಿರುಗಾಳಿಗೆ ಎದುರು ನಿಂತಂತಿರುವ ದಪ್ಪ ಕಾಂಡದ ಪೈನ್ ಮರಕ್ಕೆ ಕರಿಮರದ, ಗಟ್ಟಿ ಕಾಲುಗಳುಳ್ಳ, ತಗ್ಗಾದ ಪೀಠವೇ ಬೇಕು. ಎಲೆಯುದುರುವ ಸಣಕಲು ಮರಗಳಿಗೆ ಅದು ಭಾರ. ಅವಕ್ಕೆ ತೆಳುವಾದ ಕಾಲುಗಳ ಹಗುರವಾದ ಪೀಠ ಸಾಕು, ಕೆಲವೊಮ್ಮೆ ಒಂದು ತೆಳ್ಳಗಿನ ಹಲಗೆಯೇ ಸಾಕು. ಕಡಿಬಂಡೆಯಿಂದ ಕೆಳಕ್ಕೆ ಜೋಲುವಂತೆ ಬೆಳೆಸಿದ ಮರವನ್ನು ಎತ್ತರವಾದ ಪೀಠದ ಮೇಲಿಡತಕ್ಕದ್ದು. ಇಲ್ಲವಾದರೆ ಅದು ಜೋಲುವುದೆಲ್ಲಿಗೆ? ಕುಂಡದ ವಿಷಯದಲ್ಲಿಯೂ ಹೀಗೆಯೇ: ಸದಾ ಹಸುರಾದ ಪೈನ್ ಮರಗಳಿಗೆ ಮೆರುಗಿಲ್ಲದ ಕಂದು ಬಣ್ಣದ ಕುಂಡಗಳೂ, ಹೂ ಹಣ್ಣು ಬಿಡುವ ಮರಗಳಿಗೆ ಬಣ್ಣದ ಮೆರುಗುಳ್ಳ ಕುಂಡಗಳೂ ಒಪ್ಪುತ್ತವೆ.

ಈ ಭೇದಗಳಿಗೆಲ್ಲ ಆಧಾರವಾಗಿ ಶಿನ್, ಗ್ಯೋ, ಸೋ ಎಂಬ ಮೂರು ದರ್ಜೆಗಳಿವೆ. ಇವು ಮೂಲತಃ ಬರವಣಿಗೆಯ ಮಾತುಗಳು. ಅಕ್ಷರದ ಒಂದೊಂದು ಗೆರೆಯನ್ನೂ ಬಿಡಿಸಿ ನೆಟ್ಟಗೆ ಬರೆಯುವುದು ಶಿನ್. ಸ್ವಲ್ಪ ಸಡಿಲಿಸಿ ಬರೆಯುವುದು ಗ್ಯೋ. ಲೇಖನಿಯನ್ನೆತ್ತದೆ ಓಡಿಸಿ ಬರೆಯುವುದು ಸೋ. ನಮ್ಮ ಶಾಲೆಯ ಹುಡುಗಿಯರು ಕಾಪಿ ಪುಸ್ತಕದಲ್ಲಿ ಬರೆಯುವ ಅಕ್ಷರಕ್ಕೂ, ಪರೀಕ್ಷೆಯ ಕೊನೆಯ ಐದು ನಿಮಿಷಗಳಲ್ಲಿ ಬರೆಯುವ ಅಕ್ಷರಕ್ಕೂ ಇರುವ ಅಂತರವನ್ನು ನೆನೆದರೆ ಇದು ಸುಲಭವಾಗಿ ತಿಳಿಯುವುದು. (ಆದರೆ ಜಪಾನೀಯರ ಸೋ ಬರಹವು ಅವಸರದ್ದಲ್ಲ, ಮೊದಲೆರಡನ್ನು ಚೆನ್ನಾಗಿ ಕಲಿತ ಮೇಲೆಯೇ ಅದಕ್ಕೆ ಕೈಯಿಡುವರು.) ಮರವು ಶಿನ್ ಆಗಿದ್ದರೆ ಪೀಠವೂ ಕುಂಡವೂ ಪಟವೂ ಅದಕ್ಕೆ ಹೊಂದಿ ಗಂಭೀರವಾಗಿರಬೇಕು; ನೆಟ್ಟಗೆ ನಿಂತ ರಾಜಠೀವಿಯ ಮರದ ಬಳಿಯಲ್ಲಿ ಹಾಸ್ಯದ ಚಿತ್ರವು ಸಲ್ಲದು.

ಮೂರನೆಯದು ಜೊತೆಯ ಗಿಡ. ಬಹು ಚಿಕ್ಕ ಕುಂಡದಲ್ಲಿ ಒಂದಿಷ್ಟು ಹುಲ್ಲು, ಜರೀಗಿಡ, ಇಲ್ಲವೆ ಕಾಡಿನ ಸಣ್ಣ ಹೂ. ಹೊಸದಾಗಿ ನೋಡುವವರಿಗೆ ಇದು ಅಲಂಕಾರಕ್ಕಾಗಿ ಇಟ್ಟುದೆಂದು ತೋರುವುದು. ಅದರ ಕೆಲಸವು ಬೇರೆ. ಪೈನ್ ಮರವು ವರ್ಷವೆಲ್ಲ ಹಸುರು; ಅದನ್ನು ನೋಡಿ ಇದು ಯಾವ ತಿಂಗಳೆಂದು ಹೇಳುವುದಾಗದು. ಪಕ್ಕದ ಹುಲ್ಲು ತೆನೆಬಿಟ್ಟು ಒಣಗುತ್ತಿದ್ದರೆ ಶರತ್ಕಾಲವೆಂದು ಅತಿಥಿಗೆ ತಿಳಿಯುತ್ತದೆ. ಮತ್ತು ಮರವು ಯಾವ ಪ್ರದೇಶದ್ದೆಂಬುದನ್ನೂ ಅದೇ ಹೇಳುತ್ತದೆ. ಎತ್ತರದ ಬೆಟ್ಟದ ಮರಕ್ಕೆ ಬೆಟ್ಟದ ಹುಲ್ಲೇ ಜೊತೆಯಾಗಬೇಕು. ಕೆಸರಿನಲ್ಲಿ ಬೆಳೆಯುವ ಗಿಡವನ್ನು ಅದರ ಬಳಿಯಲ್ಲಿಟ್ಟರೆ, ತಿಳಿದವರು ಬಾಯಲ್ಲಿ ಏನೂ ಹೇಳದಿದ್ದರೂ ಮನಸ್ಸಿನಲ್ಲಿ ನಗುವರು. ಕೆಲವೊಮ್ಮೆ ಗಿಡಕ್ಕೆ ಬದಲಾಗಿ ಹೊಳೆಯಲ್ಲಿ ಸಿಕ್ಕಿದ, ದೂರದ ಬೆಟ್ಟದಂತೆ ಕಾಣುವ ಒಂದು ಕಲ್ಲನ್ನಿಡುವುದೂ ಉಂಟು.

ನಾಲ್ಕನೆಯದಾದ ಪಟವನ್ನು ಆರಿಸುವುದೇ ಎಲ್ಲಕ್ಕಿಂತ ಕಠಿಣವೆಂದು ನಮಗೆ ತೋರುತ್ತದೆ. ಇದು ಕಟ್ಟುಹಾಕಿದ ಪಟವಲ್ಲ. ಸುತ್ತಿ ಪೆಟ್ಟಿಗೆಯಲ್ಲಿಡಬಹುದಾದ, ಮಸಿಯಿಂದ ಬರೆದ ಉದ್ದನೆಯ ಚಿತ್ರ ಅಥವಾ ಬರಹ. ಇದರಲ್ಲಿ ಮುಖ್ಯ ನಿಯಮವೇನೆಂದರೆ, ಮರವು ಹೇಳಿದ್ದನ್ನು ಪಟವು ಪುನಃ ಹೇಳಕೂಡದು. ಪೈನ್ ಮರದ ಹಿಂದೆ ಪೈನ್ ಮರದ ಚಿತ್ರ ಬೇಡ. ಹೂಬಿಟ್ಟ ಮರದ ಹಿಂದೆ ಹೂವಿನ ಚಿತ್ರ ಬೇಡ. ಹಾಗಾದರೆ ಏನು ಬೇಕು? ಒಂದೆರಡು ಉದಾಹರಣೆಗಳನ್ನು ಕೊಡೋಣ.

ಚಳಿಗಾಲದ ಕೊನೆಯಲ್ಲಿ ಅಲ್ಲಿಯ ಉಮೆ ಮರವು ಎಲೆಗಿಂತ ಮುಂಚೆ ಹೂಬಿಡುತ್ತದೆ. ಒರಟಾದ, ಅರ್ಧ ಟೊಳ್ಳಾದ ಮುದಿ ಕಾಂಡ; ಅದರ ಮೇಲೆ ನಾಲ್ಕಾರು ಬಿಳಿಯ ಹೂಗಳು. ಇದರ ಹಿಂದೆ ಉಗುಯಿಸು ಎಂಬ ಹಾಡುಹಕ್ಕಿಯೊಂದರ ಚಿತ್ರವಿದ್ದರೆ ಸಾಕು, ಕೊಂಬೆಯನ್ನೂ ಬರೆಯಬೇಕಾಗಿಲ್ಲ. ಆ ಹಕ್ಕಿಯೂ ಆ ಹೂವೂ ಜಪಾನೀಯರ ಮನಸ್ಸಿನಲ್ಲಿ ಯಾವಾಗಲೂ ಜೊತೆ. ನೋಡುವವನು ಹಕ್ಕಿಯನ್ನು ತಾನೇ ತಂದು ಕೊಂಬೆಯ ಮೇಲೆ ಕೂರಿಸಿಕೊಳ್ಳುವನು. ಶರತ್ಕಾಲದಲ್ಲಿ ಕೆಂಪಾದ ಮೇಪಲ್ ಮರವನ್ನಿಟ್ಟರೆ, ಹಿಂದೆ ಚಂದ್ರಬಿಂಬ ಅಥವಾ ಸಾಲಾಗಿ ಹಾರಿಹೋಗುವ ಕಾಡುಬಾತುಗಳು. ಕೆಳಗೆ ಬೆಳ್ಳಿಯ ತೆನೆಯ ಸುಸುಕಿ ಹುಲ್ಲು. ಕೆಂಪು ಬಣ್ಣವು ಮರದಲ್ಲಲ್ಲದೆ ಬೇರೆಲ್ಲಿಯೂ ಇರಬಾರದು. ಬೇಸಿಗೆಯ ಸೆಕೆಯಲ್ಲಿ ಜೋಲುವ ಮರದ ಹಿಂದೆ ಜಲಪಾತದ ಪಟವನ್ನು ಹಾಕುವುದುಂಟು. ಹೊರಗಿನಿಂದ ಬೆವರಿ ಬಂದವನಿಗೆ ಬೀಸಣಿಗೆ ಕೊಡುವುದಕ್ಕಿಂತ ಮೊದಲೇ ಕಣ್ಣಿಗೆ ತಂಪು ಸಿಕ್ಕುತ್ತದೆ. ಈ ಮೂರರಲ್ಲಿ ನಮಗೆ ಹೆಚ್ಚಾಗಿ ಹಿಡಿಸಿದುದು ಹಕ್ಕಿಯ ಪಟ.

ಪಟ, ಮರ, ಹುಲ್ಲು ಈ ಮೂರರ ಎತ್ತರಗಳು ಒಂದಾಗಿರಕೂಡದು, ಮೂರೂ ಒಂದೇ ಗೆರೆಯಲ್ಲಿ ನಿಲ್ಲಕೂಡದು. ಮೂರನ್ನೂ ಗೆರೆಯಿಂದ ಸೇರಿಸಿದರೆ ಮೂರು ಬಾಹುಗಳೂ ಅಸಮವಾದ ತ್ರಿಕೋಣವಾಗಬೇಕು. ರೇಖಾಗಣಿತವನ್ನು ದ್ವೇಷಿಸುವವರು ಈ ಮಾತನ್ನು ಬಿಟ್ಟು ಮುಂದೆ ಓದಬಹುದು.

ಗೋಡೆಯು ಬರಿದಾಗಿರುವುದೇಕೆಂಬ ಪ್ರಶ್ನೆಯೊಂದು ಉಳಿಯಿತು. ಇದಕ್ಕೆ 16ನೆಯ ಶತಮಾನದ ಚಹಾಗುರುವಾದ ಸೆನ್ ನೊ ರಿಕ್ಯೂವಿನ (1522–1591) ವಿಷಯವಾಗಿ ಹೇಳುವ ಒಂದು ಕಥೆಯನ್ನು ಮುಂದಿಡುವುದು ವಾಡಿಕೆ. ಬೆಳಿಗ್ಗೆ ಅರಳಿ ಬಿಸಿಲೇರುತ್ತಲೇ ಬಾಡುವ ಒಂದು ಬಳ್ಳಿಯ ಹೂಗಳು ಅವನ ತೋಟದಲ್ಲಿ ತುಂಬಿದ್ದುವಂತೆ. ಆ ಕೀರ್ತಿಯನ್ನು ಕೇಳಿ, ದೇಶವನ್ನಾಳುತ್ತಿದ್ದ ಹಿದೆಯೋಶಿಯು ನೋಡಬೇಕೆಂದು ಮುಂಜಾನೆಯಲ್ಲಿ ಬಂದನು. ತೋಟದಲ್ಲಿ ಒಂದು ಹೂವೂ ಇಲ್ಲ! ಸಿಟ್ಟಿನಿಂದ ಚಹಾದ ಕೋಣೆಗೆ ಹೋದಾಗ, ತೊಕೊನೊಮಾದಲ್ಲಿ ಒಂದೇ ಒಂದು ಹೂ ಇತ್ತು. ಉಳಿದುವನ್ನೆಲ್ಲ ರಿಕ್ಯೂ ಕತ್ತರಿಸಿ ಹಾಕಿಸಿದ್ದನು. ನಿಜವಾಗಿ ಹೇಳುವುದಾದರೆ, ಈ ಕಥೆಯಲ್ಲಿ ಸ್ವಲ್ಪ ಕಠೋರತೆಯುಂಟೆಂದು ನಮಗೆ ತೋರುತ್ತದೆ; ಕತ್ತರಿಸಿದ ಹೂಗಳು ಏನು ತಪ್ಪು ಮಾಡಿದ್ದುವು? ಕುಂಡವೃಕ್ಷಗಳ ಕಲೆಯು ಇದೇ ಪಾಠವನ್ನು ಹೆಚ್ಚು ದಯೆಯಿಂದ ಕಲಿಸುತ್ತದೆ. ಮನೆಯೊಡೆಯನ ಅಂಗಳದಲ್ಲಿ ಐವತ್ತು ಮರಗಳಿರಬಹುದು. ಈ ದಿನ ಈ ಅತಿಥಿಗೆ ಅವುಗಳಲ್ಲಿ ಒಂದನ್ನು ಮಾತ್ರ ತೋರಿಸುವನು. ಉಳಿದ ನಾಲ್ವತ್ತೊಂಬತ್ತು ಹೊರಗೆ ಬಿಸಿಲು ಕಾಯುತ್ತಿರುತ್ತವೆ. ಇದ್ದುದನ್ನೆಲ್ಲ ತಂದು ತುಂಬಿದರೆ, ಅತಿಥಿಯು ನೋಡುವುದು ಒಡೆಯನ ಐಶ್ವರ್ಯವನ್ನು, ಮರವನ್ನಲ್ಲ. ಕಲಿಯುವವರ ತಪ್ಪುಗಳಲ್ಲಿ ಬಹಳ ಸಾಮಾನ್ಯವಾದುದು ಇದೇ. ಅಂದವಾದ ಪೀಠ, ಅಂದವಾದ ಕಲ್ಲು, ಅಂದವಾದ ಪಟ, ಇವುಗಳಲ್ಲಿ ಯಾವುದನ್ನೂ ಬಿಡಲು ಮನಸ್ಸೊಪ್ಪುವುದಿಲ್ಲ. ಇದನ್ನು ಕಲಿಸುವ ಪರಂಪರೆಗಳಲ್ಲಿ ಒಂದಕ್ಕೆ ಕೇಯಿದೋ, ಎಂದರೆ ದೃಶ್ಯಮಾರ್ಗವೆಂದು ಹೆಸರು. ಕಣ್ಣ ಮುಂದಿರುವ ಒಂದು ಮರದಿಂದ ಕಾಣದಿರುವ ಬೆಟ್ಟ ಹೊಳೆಗಳ ದೃಶ್ಯವು ಮನಸ್ಸಿನಲ್ಲಿ ಮೂಡಬೇಕೆಂಬುದು ಅದರ ಭಾವ. ಅದು ಮೂಡುವುದಕ್ಕೆ ಎಡೆಯೇ ಆ ಬರಿ ಗೋಡೆ.

ಅತಿಥಿಯೂ ಈ ವಿದ್ಯೆಯನ್ನು ಕಲಿತಿರಬೇಕು. ಅವನು ತೊಕೊನೊಮಾದ ಮುಂದೆ ಮಂಡಿಯೂರಿ ಕುಳಿತು, ತಲೆಬಾಗಿ, ಬಳಿಕ ನೋಡುವನು. ಮರದ ಬುಡದಲ್ಲಿ ನೆಲವನ್ನು ಹಿಡಿದಿರುವ ಬೇರುಗಳಿಂದ ಆರಂಭಿಸಿ, ಕಾಂಡವು ಏರಿದಂತೆ ದೃಷ್ಟಿಯನ್ನು ಏರಿಸಿ, ಕೊಂಬೆಗಳನ್ನು ನೋಡಿ ತುದಿಗೆ ಬರುವುದು ಕ್ರಮ. ಸ್ವಲ್ಪ ಬಗ್ಗಿ ಕೆಳಗಿನಿಂದ ನೋಡಿದರೆ, ಎರಡಡಿಯ ಮರವು ದಾರಿಹೋಕನ ತಲೆಯ ಮೇಲಿನ ಹೆಮ್ಮರವಾಗುವುದು. ತೊಕೊನೊಮಾದೊಳಗೆ ಕಾಲಿಡಕೂಡದು. ಆಮೇಲೆ ಗೌರವಾನ್ವಿತ ಅತಿಥಿಯನ್ನು ಅದಕ್ಕೆ ಬೆನ್ನಾಗಿ ಕೂರಿಸುವರು. ಇದನ್ನು ಮೊದಲು ಓದಿದಾಗ ನಮಗೆ ವಿಚಿತ್ರವೆನಿಸಿತು: ಅತಿಥಿಗಾಗಿ ಇಷ್ಟೆಲ್ಲ ಮಾಡಿ, ಅವನಿಗೇ ಕಾಣದಂತೆ ಕೂರಿಸುವುದೇ? ವಿಚಾರಿಸಿದರೆ, ತೊಕೊನೊಮಾದ ಸಮೀಪವೇ ಆ ಕೋಣೆಯ ಶ್ರೇಷ್ಠಸ್ಥಾನ. ಅಲ್ಲಿ ಕುಳಿತವನೂ ಮರದೊಡನೆ ಆ ಚಿತ್ರದಲ್ಲಿ ಸೇರಿಹೋಗುತ್ತಾನೆ.

ಆದರೆ ಮರವು ಮನೆಯೊಳಗೆ ಸುಖವಾಗಿರುವುದಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಅದು ಗಾಳಿ ಬಿಸಿಲು ಮಂಜುಗಳಲ್ಲಿ ಬಾಳತಕ್ಕ ಪ್ರಾಣಿ. ಒಳಗೆ ತರುವ ಮುಂಚೆ ಕುಂಡವನ್ನು ಒರಸಿ, ಬಾಡಿದ ಎಲೆಗಳನ್ನು ತೆಗೆದು, ಮಣ್ಣಿನ ಮೇಲೆ ಪಾಚಿಯನ್ನು ಹೊದಿಸಿ, ನೀರುಣಿಸಿ ತರುತ್ತಾರೆ. ಒಂದೆರಡು ದಿನ, ಹೆಚ್ಚೆಂದರೆ ಕೆಲವು ದಿನಗಳು ಇಟ್ಟು ಹೊರಗೆ ಒಯ್ಯುತ್ತಾರೆ. ಅತಿಥಿಯ ಸಂತೋಷಕ್ಕಾಗಿ ಮರದ ಆರೋಗ್ಯದಲ್ಲಿ ಒಂದು ಪಾಲನ್ನು ಒಡೆಯನು ತೆತ್ತಂತಾಯಿತು. ಅದು ಎಷ್ಟರವರೆಗೆ ಹೋಗಬಹುದೆಂಬುದಕ್ಕೆ ಜಪಾನಿನಲ್ಲಿ ಪ್ರಸಿದ್ಧವಾದ ಒಂದು ನೋ ನಾಟಕವಿದೆ. ಅದರ ಹೆಸರು "ಹಚಿ ನೊ ಕಿ", ಎಂದರೆ ಕುಂಡದ ಮರಗಳು.

ಸಾನೊ ಎಂಬ ಊರಿನಲ್ಲಿ ತ್ಸುನೆಯೊ ಎಂಬ ಯೋಧನು, ಬಂಧುಗಳು ಭೂಮಿಯನ್ನು ಅಪಹರಿಸಿದ್ದರಿಂದ ಬಡವನಾಗಿ, ಹೆಂಡತಿಯೊಡನೆ ಒಂದು ಗುಡಿಸಲಿನಲ್ಲಿದ್ದನು. ಹಿಮ ಬೀಳುತ್ತಿದ್ದ ಒಂದು ಸಂಜೆ ಒಬ್ಬ ಸಂನ್ಯಾಸಿಯು ಬಂದು ಇಳಿದುಕೊಳ್ಳಲು ಸ್ಥಳ ಕೇಳಿದನು. ಇಂಥ ಮನೆಯಲ್ಲಿ ಹೇಗೆ ಇಳಿಸಿಕೊಳ್ಳುವುದೆಂದು ಸಂಕೋಚದಿಂದ ಮೊದಲು ಇಲ್ಲವೆಂದ ತ್ಸುನೆಯೊ, ಮನಸ್ಸು ತಡೆಯದೆ ಹಿಮದಲ್ಲಿ ಹಿಂದೆ ಹೋಗಿ ಕರೆತಂದನು. ಉಣಲು ಅವರಲ್ಲಿ ಇದ್ದುದು ಕಿರುಧಾನ್ಯದ ಅನ್ನ ಮಾತ್ರ. ರಾತ್ರಿಯಾದಂತೆ ಚಳಿ ಹೆಚ್ಚಿತು, ಸೌದೆಯಿಲ್ಲ. ಒಳ್ಳೆಯ ದಿನಗಳಲ್ಲಿ ಸಾಕಿದ್ದ ಅನೇಕ ಕುಂಡದ ಮರಗಳಲ್ಲಿ ಮೂರು ಮಾತ್ರ ಉಳಿದಿದ್ದುವು: ಒಂದು ಉಮೆ, ಒಂದು ಚೆರಿ, ಒಂದು ಪೈನ್. ಅತಿಥಿಯು ಬೇಡವೆಂದರೂ ಕೇಳದೆ ಮೂರನ್ನೂ ಕಡಿದು ಬೆಂಕಿ ಮಾಡಿದನು. ಆ ಸಂನ್ಯಾಸಿಯು ವೇಷ ಮರೆಸಿಕೊಂಡು ತಿರುಗುತ್ತಿದ್ದ, ಕಾಮಾಕುರಾದಲ್ಲಿ ಅಧಿಕಾರ ನಡೆಸಿದ್ದ ಹೋಜೋ ತೋಕಿಯೋರಿ. ಮುಂದೆ ಕಾಮಾಕುರಾದಿಂದ ಯೋಧರಿಗೆ ಕರೆ ಬಂದಾಗ, ತ್ಸುನೆಯೊ ಹರಿದ ಕವಚವನ್ನು ತೊಟ್ಟು, ಬಡಕಲು ಕುದುರೆಯನ್ನೇರಿ ಹೋದನು. ತೋಕಿಯೋರಿ ಅವನನ್ನು ಗುರುತಿಸಿ, ಕಳೆದುಕೊಂಡ ಭೂಮಿಯನ್ನು ಕೊಡಿಸಿದುದಲ್ಲದೆ, ಆ ಮೂರು ಮರಗಳ ಹೆಸರುಗಳನ್ನೊಳಗೊಂಡ ಉಮೆದಾ, ಸಾಕುರಾಯಿ, ಮಾತ್ಸುಯಿದಾ ಎಂಬ ಮೂರು ಗ್ರಾಮಗಳನ್ನೂ ದಯಪಾಲಿಸಿದನು. ಬಹುಮಾನ ಬಂದುದು ಕಥೆಗೆ ಒಳ್ಳೆಯ ಮುಕ್ತಾಯವೇ ಸರಿ. ಆದರೆ ಮರಕ್ಕೆ ಕೊಡಲಿ ಹಾಕುವಾಗ ತ್ಸುನೆಯೊವಿಗೆ ಆ ಸಂಗತಿಯೇನೂ ತಿಳಿದಿರಲಿಲ್ಲ.

ಈಚಿನ ಕಾಲದಲ್ಲಿ ಮನೆಯೊಳಗಿನ ಈ ಕಲೆಯು ಸಾರ್ವಜನಿಕ ಪ್ರದರ್ಶನಕ್ಕೂ ಹೊರಟಿತು. 1923ರ ಭೂಕಂಪದಲ್ಲಿ ಟೋಕಿಯೋ ನಗರವು ಹಾಳಾದ ಮೇಲೆ, ಅಲ್ಲಿಯ ಕೆಲವು ಮಂದಿ ಬೆಳೆಗಾರರು ಶುದ್ಧವಾದ ನೀರು ಮಣ್ಣುಗಳನ್ನು ಹುಡುಕಿಕೊಂಡು ಉತ್ತರಕ್ಕೆ ಹೋಗಿ, 1925ರಲ್ಲಿ ಓಮಿಯಾ ಎಂಬಲ್ಲಿ ಬೊನ್ಸಾಯ್ ಗ್ರಾಮವನ್ನು ಸ್ಥಾಪಿಸಿದರು. ಅಲ್ಲಿ ನೆಲೆಸುವವರಿಗೆ ಅವರು ಮಾಡಿಕೊಂಡ ಕಟ್ಟಳೆಗಳು ಬಹು ಚೆನ್ನಾಗಿವೆ: ಒಬ್ಬೊಬ್ಬರ ಬಳಿಯಲ್ಲಿಯೂ ಕಡಿಮೆಯೆಂದರೆ ಹತ್ತು ಕುಂಡವೃಕ್ಷಗಳಿರಬೇಕು, ಮಹಡಿ ಮನೆ ಕಟ್ಟಕೂಡದು, ಗೋಡೆಗೆ ಬದಲಾಗಿ ಹಸುರು ಬೇಲಿಯಿರಬೇಕು, ಬಾಗಿಲನ್ನು ಯಾರಿಗೂ ಮುಚ್ಚಕೂಡದು. 1934ರಲ್ಲಿ ಟೋಕಿಯೋದ ಉಯೆನೋ ಉದ್ಯಾನದ ಕಲಾಸಂಗ್ರಹಾಲಯದಲ್ಲಿ ಕೊಕುಫೂ ಎಂಬ ಮಹಾಪ್ರದರ್ಶನವು ಆರಂಭವಾಯಿತು. ಅಲ್ಲಿ ಉದ್ದವಾದ ಮೇಜುಗಳ ಮೇಲೆ ಮರಗಳು ಸಾಲಾಗಿರುವುದರಿಂದ ಒಂದೊಂದಕ್ಕೂ ಪಟ ಹಾಕುವಂತಿಲ್ಲ; ಆದರೂ ಪೀಠವೂ ಹುಲ್ಲಿನ ಕುಂಡವೂ ನಡುವಣ ಬರಿದಾದ ಜಾಗವೂ ಇದ್ದೇ ಇರುತ್ತವೆ. ಎಂಟು ಅಂಗುಲದೊಳಗಿನ ಪುಟ್ಟ ಮರಗಳನ್ನಾದರೋ ಒಂದು ಸಣ್ಣ ಮರದ ಮಾಡದ ಅಟ್ಟಣೆಗಳಲ್ಲಿ ಏಳೆಂಟು ಸೇರಿಸಿ ಇಡುವರು. ಶಿಖರಸ್ಥಾನ ಪೈನ್ ಮರಕ್ಕೆ. ಬೆಟ್ಟದಿಂದ ಇಳಿದಂತೆ ಕೆಳಗಿನ ಅಟ್ಟಣೆಗಳಲ್ಲಿ ಹೂ ಹಣ್ಣುಗಳ ಮರಗಳು.

1976ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬಿದಾಗ ಜಪಾನೀಯರು 53 ಕುಂಡವೃಕ್ಷಗಳನ್ನು ಉಡುಗೊರೆಯಾಗಿ ವಾಷಿಂಗ್‌ಟನ್ನಿಗೆ ಕಳುಹಿಸಿದರು. ಅವುಗಳಲ್ಲಿ 1625ರಿಂದ ಕುಂಡದಲ್ಲಿ ಬೆಳೆದು ಬಂದ ಒಂದು ಬಿಳಿ ಪೈನ್ ಮರವಿತ್ತು. ಕೊಟ್ಟವರು ಮಾಸಾರು ಯಾಮಾಕಿ. ಕಾಲು ಶತಮಾನದವರೆಗೆ ಬಂದವರೆಲ್ಲ ಅದನ್ನು ಒಂದು ಹಳೆಯ, ಸುಂದರವಾದ ಮರವೆಂದೇ ನೋಡಿಹೋದರು. 2001ರಲ್ಲಿ ಯಾಮಾಕಿಯವರ ಇಬ್ಬರು ಮೊಮ್ಮಕ್ಕಳು ಅಜ್ಜನ ಮರವನ್ನು ನೋಡಬೇಕೆಂದು ಅಲ್ಲಿಗೆ ಬಂದು ಸಂಗತಿಯನ್ನು ಹೇಳಿದರು. ಅವರ ಮನೆಯಿದ್ದುದು ಹಿರೋಷಿಮಾದಲ್ಲಿ. 1945ನೆಯ ಆಗಸ್ಟ್ 6ರ ಬೆಳಿಗ್ಗೆ ಬಾಂಬು ಬಿದ್ದ ಸ್ಥಳಕ್ಕೆ ಎರಡು ಮೈಲಿಗಳಷ್ಟು ದೂರದಲ್ಲಿ, ಅಂಗಳದ ಎತ್ತರದ ಗೋಡೆಯ ಮರೆಯಲ್ಲಿ, ಆ ಮರವು ನಿಂತಿತ್ತು. ಉಡುಗೊರೆಯನ್ನು ಕೊಡುವಾಗ ಅಜ್ಜನವರು ಆ ಮಾತನ್ನು ಎತ್ತಿರಲಿಲ್ಲ.